ಲ್ಯಾಪ್‌ಟಾಪಿನಲ್ಲಿ ಸ್ಪ್ರಿಂಗ್ ಸದ್ದು ಸಿಕ್ಕಿದ್ದು ಹೀಗೆ

ಬಳ್ಳಾರಿಯ ಆರ್ಕೆಸ್ಟ್ರಾ ಒಂದರಲ್ಲಿ ನಾನು ಗಿಟಾರ್ ಬಾರಿಸುತ್ತಿದ್ದಾಗ ನಮ್ಮ ಹತ್ತಿರ ಹಳೇ ಆಂಪ್ (ಗಿಟಾರ್ ಸದ್ದು ಏರಿಸುವ ಪೆಟ್ಟಿಗೆ) ಒಂದಿತ್ತು. ಎತ್ತಿಡುವಾಗ ಎಲ್ಲಾದರೂ ತಾಗಿದರೆ ಒಳಗಿನಿಂದ ‘ಝಳಾರ್’ ಅಂತ ಗುಡುಗುತ್ತಿತ್ತು. ಒಳಗಿದ್ದದ್ದು ಸ್ಪ್ರಿಂಗ್ ರಿವರ್ಬ್, ಅಂದರೆ ಸದ್ದನ್ನು ಸ್ಪ್ರಿಂಗಿನ ಮೂಲಕ ಹಾಯಿಸಿ ಅನುರಣನ ಕೊಡುವ ಸಾಧನ. ಆಂಪ್ ಹೋಯಿತು, ಸದ್ದು ಕಿವಿಯಲ್ಲಿ ಉಳಿಯಿತು. ಕಳೆದ ಬೇಸಿಗೆಯಲ್ಲಿ ಅದನ್ನು ಲ್ಯಾಪ್‌ಟಾಪಿನಲ್ಲಿ ತರಲು ಕೂತೆ.

ಮೊದಲು ಸುಲಭದ ದಾರಿ ಹಿಡಿದೆ. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಜೊತೆಗೇ ಬರುವ ರಿಯಾವರ್ಬ್ ಅನ್ನೋ ರಿವರ್ಬ್ ಪ್ಲಗಿನ್‌ಗೆ ಹಳೇ ಸ್ಪ್ರಿಂಗ್ ಟ್ಯಾಂಕಿನ (ಸ್ಪ್ರಿಂಗ್ ಕೂರಿಸಿದ ಡಬ್ಬಿಯ) ಇಂಪಲ್ಸ್ ಫೈಲ್, ಅಂದರೆ ಅದರ ಅನುರಣನದ ಅಚ್ಚು ಹಿಡಿದ ರೆಕಾರ್ಡಿಂಗ್, ಹಾಕಿದೆ. ಮೆಲ್ಲಗೆ ಬಾರಿಸಿದರೆ ಚೆನ್ನಾಗಿತ್ತು. ಜೋರಾಗಿ ಬಾರಿಸಿದರೂ ಅದೇ ಸದ್ದು, ಸುಮ್ನೆ ದೊಡ್ಡದಾಗಿ. ಕೀಬೋರ್ಡ್ ಹುಡುಗ ಕೇಳಿ, “ಅಣ್ಣಾ, ಬಾವಿಯೊಳಗೆ ಕೂತು ಬಾರಿಸಿದಂಗೈತೆ” ಅಂದ. ಸರಿಯಾಗೇ ಹೇಳಿದ್ದ.

ಉತ್ತರ ಸಿಕ್ಕಿದ್ದು ಗಿಟಾರ್, ಆಂಪ್ ಮಾಡುವ ಫೆಂಡರ್ ಕಂಪನಿ 1961ರಲ್ಲಿ ತಂದ ಬಿಡಿ ರಿವರ್ಬ್ ಪೆಟ್ಟಿಗೆಯಲ್ಲಿ. ಅದಕ್ಕೆ ಮೂರೇ ನಾಬ್: ಡ್ವೆಲ್, ಮಿಕ್ಸರ್, ಟೋನ್. ಸ್ಪ್ರಿಂಗಿನ ಸದ್ದು ಎಷ್ಟು ಬೆರೆಯಬೇಕು ಅನ್ನೋದು ಮಿಕ್ಸರ್, ಸ್ಪ್ರಿಂಗನ್ನು ಎಷ್ಟು ಜೋರಾಗಿ ಅಲುಗಿಸಬೇಕು ಅನ್ನೋದು ಡ್ವೆಲ್. ಡ್ವೆಲ್ ಏರಿಸಿದರೆ ಸ್ಪ್ರಿಂಗಿಗೆ ಸಿಗ್ನಲ್ ಕೊಡುವ ಟ್ಯೂಬಿನ (ಹಳೇ ರೇಡಿಯೋಗಳಲ್ಲಿದ್ದಂಥ ಗಾಜಿನ ವಾಲ್ವ್) ಸದ್ದೇ ಒರಟಾಗುತ್ತದೆ. ಆ ಒರಟು ಸದ್ದು ಸ್ಪ್ರಿಂಗಿಗೆ ಬಡಿದಾಗಲೇ ನೀರು ಚಿಮ್ಮಿದ ಹಾಗೆ ಕೇಳೋದು. ಇಂಪಲ್ಸ್ ಫೈಲಿಗೆ ಇದು ಗೊತ್ತಿಲ್ಲ. ಮೆಲ್ಲಗಿನದಕ್ಕೂ ಜೋರಿನದಕ್ಕೂ ಅದರ ಲೆಕ್ಕ ಒಂದೇ.

ಹಾಗಾಗಿ ಗಿಟಾರ್ ಟ್ರ್ಯಾಕಿನಿಂದ ಇನ್ನೊಂದು ಟ್ರ್ಯಾಕಿಗೆ ಸೆಂಡ್ ಕೊಟ್ಟೆ, ಅಂದರೆ ಸದ್ದಿನ ಒಂದು ಪ್ರತಿಯನ್ನು ಅಲ್ಲಿಗೆ ಕಳಿಸಿದೆ. ಅಲ್ಲಿ ಮೊದಲು ಈಕ್ಯೂ (ಈಕ್ವಲೈಸರ್) ಹಾಕಿ 200 ಹರ್ಟ್ಜ್ ಕೆಳಗಿನದನ್ನು ತೆಗೆದೆ. ಇಲ್ಲದಿದ್ದರೆ ದಪ್ಪ ತಂತಿಗಳು ಎಲ್ಲವನ್ನೂ ಕಲಸಿಬಿಡುತ್ತವೆ. ಆಮೇಲೆ ಟ್ಯೂಬಿನ ಒರಟುತನ ಕೊಡುವ ಟ್ಯೂಬ್ ಸ್ಯಾಚುರೇಷನ್, ಅದರ ನಂತರವೇ ರಿಯಾವರ್ಬ್. ಅದರಲ್ಲಿ ಡ್ರೈ (ರಿವರ್ಬ್ ಇಲ್ಲದ ಮೂಲ ಸದ್ದು) ಪೂರ್ತಿ ಬಂದ್. ಕೊನೆಗೆ 5 ಕಿಲೋಹರ್ಟ್ಜ್ ಮೇಲಿನದನ್ನೂ ಇಳಿಸಿದೆ. ಸೆಂಡ್ ಫೇಡರೇ ನನ್ನ ಡ್ವೆಲ್, ಆ ಟ್ರ್ಯಾಕಿನ ವಾಲ್ಯೂಮೇ ಮಿಕ್ಸರ್. ಸ್ಯಾಚುರೇಷನ್ ರಿವರ್ಬಿನ ನಂತರ ಬಂದರೆ ಬರೀ ಮಬ್ಬು ಸದ್ದು, ಆ ಚಿಮ್ಮು ಬರೋದೇ ಇಲ್ಲ.

ಒಂದು ತಪ್ಪಂತೂ ಜಾಸ್ತಿ ದಿನ ಕಾಡಿತು. ಇಂಪಲ್ಸ್ ಫೈಲಿನ ಶುರುವಿನಲ್ಲಿದ್ದ ಸದ್ದಿಲ್ಲದ ಖಾಲಿ ಜಾಗ ಬೇಡ ಅಂತ ಕತ್ತರಿಸಿದ್ದೆ. ಆದರೆ ಸದ್ದು ಸ್ಪ್ರಿಂಗಿನ ಆ ತುದಿ ತಲುಪಲು ಹೊತ್ತು ಬೇಕು. ಫೆಂಡರ್ ಆಂಪ್‌ಗಳ ಎರಡು ಸ್ಪ್ರಿಂಗಿನ ಟ್ಯಾಂಕಿನಲ್ಲಿ ಅದು ಸುಮಾರು 33 ಮತ್ತು 41 ಮಿಲಿಸೆಕೆಂಡ್. ದಪ್ಪ ಸ್ವರ ಮೊದಲು ಬರುತ್ತದೆ, ತೆಳು ಸ್ವರ ಹಿಂದೆ. ‘ಪ್ಯೂಂ’ ಅನ್ನೋ ಆ ಸದ್ದು ಅದರಿಂದಲೇ ಅಲ್ವಾ! ಖಾಲಿ ಜಾಗ ವಾಪಸ್ ಇಟ್ಟ ಮೇಲೆ ಪ್ರತಿ ಮೀಟು ಬಿಡಿಬಿಡಿಯಾಗಿ ಕೇಳಿಸಿತು.

ಈಗ ಅಂಗೈಯಿಂದ ತಂತಿ ಅದುಮಿ ಹೊಡೆದರೆ ನೀರು ಚಿಮ್ಮುತ್ತದೆ. ಆ ‘ಝಳಾರ್’ ಮಾತ್ರ ಇನ್ನೂ ಬಂದಿಲ್ಲ. ಕೌಲ್ ಬಜಾರ್ ಕಡೆ ಹೋದಾಗಲೆಲ್ಲ ಗುಜರಿ ಅಂಗಡಿಗಳಲ್ಲಿ ಹಳೇ ಟ್ಯಾಂಕ್ ಇದೆಯಾ ಅಂತ ಕೇಳುತ್ತಿರುತ್ತೇನೆ.