ದಾರಿಯಲ್ಲಿ ಕಾಣುವ ಮನೆಗಳನ್ನು ಮಾಡಿನಿಂದ ಶುರುಮಾಡಿ ನೋಡಿ

ಮಂಗಳೂರಿನಿಂದ ಆಗುಂಬೆ ಘಾಟಿ ಹತ್ತಿ, ಶಿವಮೊಗ್ಗ, ಚಿತ್ರದುರ್ಗ ದಾಟಿ ಬಳ್ಳಾರಿ ಕಡೆಗೆ ಹೋಗುವವರು ಮನೆಗಳ ಬಾಗಿಲನ್ನೋ ಕಂಬದ ಕೆತ್ತನೆಯನ್ನೋ ಮೊದಲು ನೋಡುತ್ತಾರೆ. ಅವೆಲ್ಲ ದುಡ್ಡಿದ್ದವರ ಸೊಗಸು. ಮಾಡು, ಅಂದರೆ ಚಾವಣಿ, ಮಾತ್ರ ಮಳೆಯ ಲೆಕ್ಕ.

ಮೊದಲು ಇಳಿಜಾರು ಗಮನಿಸಿ. ಗೋಡೆಯಿಂದ ಮಾಡಿನ ನೆತ್ತಿಯ ನೇರಕ್ಕೆ ಅಡ್ಡಳತೆ 10 ಅಡಿಯಿದ್ದು ಮಾಡು 6 ಅಡಿ ಏರಿದ್ದರೆ ಸುಮಾರು 30 ಡಿಗ್ರಿ. ಮಂಗಳೂರು ಹೆಂಚಿಗೆ ಅಷ್ಟಾದರೂ ಬೇಕು. ಕಡಿಮೆಯಾದರೆ ಗಾಳಿಮಳೆಗೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೇರಿ ಒಳಗೆ ತೊಟ್ಟಿಕ್ಕುತ್ತದೆ. ಅಂಗಳದಲ್ಲಿ ಹಳೆ ಹೆಂಚು ಬಿದ್ದಿದ್ದರೆ ಮನೆಯವರನ್ನು ಕೇಳಿ ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ. ಕ್ರೈಸ್ತ ಮಿಶನರಿಗಳ ಬಾಸೆಲ್ ಮಿಶನ್ ಹೆಂಚಿನ ಮೇಲೆ 1865 ಎಂದು ಕಂಡರೆ ಮನೆಗೆ ಅಷ್ಟು ವಯಸ್ಸೆಂದು ಹಿಗ್ಗಬೇಡಿ. ಅದು ಕಾರ್ಖಾನೆ ಶುರುವಾದ ಇಸವಿ. ಮೇಲಾಗಿ, ಕೆಡವಿದ ಮನೆಯ ಹೆಂಚು ಇನ್ನೊಂದು ಮನೆ ಸೇರುವುದು ಮಾಮೂಲು.

ಅರ್ಧ ಕೊಳವೆಯಂತಿರುವುದು ನಾಡಹೆಂಚು. ಅದನ್ನು ಸುಮ್ಮನೆ ಜೋಡಿಸಿರುತ್ತಾರೆ, ಕೊಂಡಿಯಿಲ್ಲ. ಕೋತಿ, ಬೆಕ್ಕು ಓಡಾಡಿದರೆ ಜರುಗುತ್ತದೆ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಕೆಲಸ.

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ. ಅಲ್ಲಿ ಗೋಡೆಯನ್ನೂ ಕಾಯಬೇಕು. ಸೂರು ಗೋಡೆಯಿಂದ ಎಷ್ಟು ಮುಂದೆ ಚಾಚಿದೆ ನೋಡಿ. ಜೂನ್ ನಂತರ ಹೋದರೆ ಅಡಿಕೆ ಸೋಗೆಯ ತಟ್ಟಿ ಗೋಡೆಗೆ ಆತುಕೊಂಡಿರುತ್ತದೆ. ಅದನ್ನು ಕಂಡು ಬಡವರ ಮನೆ ಎನ್ನುವವರುಂಟು. ಇರಚಲಿಗೆ ಮಣ್ಣಿನ ಗೋಡೆ ನೆನೆದು ಕುಸಿಯದಿರಲಿ ಎಂದು ದೊಡ್ಡ ಮನೆಗಳಿಗೂ ಕಟ್ಟುತ್ತಾರೆ.

ಚಿತ್ರದುರ್ಗದಾಚೆ ಮಳೆ ಕಡಿಮೆ, ಮಾಡು ಚಪ್ಪಟೆಯಾಗುತ್ತದೆ, ಮನೆ ಮಾಳಿಗೆ ಮನೆಯಾಗುತ್ತದೆ. ಇಲ್ಲಿ ಮಾಳಿಗೆ ಎಂದರೆ ಮಹಡಿಯಲ್ಲ, ಈ ಚಪ್ಪಟೆ ಮಾಡು. ತೊಲೆ, ಅದರ ಮೇಲೆ ಜಂತೆ, ಮೇಲೆ ಕಟ್ಟಿಗೆಯೋ ಕಲ್ಲುಚಪ್ಪಡಿಯೋ, ಕೊನೆಗೆ ಮಣ್ಣಿನ ದಪ್ಪ ಹೊದಿಕೆ. ಮೇಲಿನ ಪದರಕ್ಕೆ ಚೌಳು ಮಣ್ಣೇ ಆಗಬೇಕು. ಬೆಳೆಗೆ ಬಾರದ ಈ ಮಣ್ಣು ನೆನೆದಾಗ ಕಣ ಬಿಡಿಸಿಕೊಂಡು ಸಂದಿಗಳನ್ನೆಲ್ಲ ಮುಚ್ಚುತ್ತದೆ, ನೀರು ಕೆಳಗಿಳಿಯದು. ಮಾಳಿಗೆ ಸೋರಿದರೆ ಮೊದಲು ಹುಲ್ಲು ಹುಡುಕಬೇಕು: ಬೇರು ಇಳಿದಲ್ಲೇ ನೀರಿಗೂ ದಾರಿ. ಮಳೆ ನಿಂತ ಕೂಡಲೇ ಫೋಟೊಗೆಂದು ಮಾಳಿಗೆ ಹತ್ತಬೇಡಿ, ಹಸಿ ಮಣ್ಣಲ್ಲಿ ಹೆಜ್ಜೆ ಹೂತರೆ ಅಲ್ಲೇ ನೀರು ನಿಲ್ಲುತ್ತದೆ. ಒಳಗೆ ಮೇಲಿನಿಂದ ಬೆಳಕು ಬೀಳುವ ತೂತು ಬೆಳಕಿಂಡಿ. ಮಳೆ ಬಂದರೆ ಅದನ್ನು ಮುಚ್ಚಲು ಒಬ್ಬರು ಓಡಲೇಬೇಕು.

ತಗಡು, ಆರ್‌ಸಿಸಿ ಕಾಂಕ್ರೀಟು ಬಂದಲ್ಲಿ ಮಾಡು ಏನೂ ಹೇಳುವುದಿಲ್ಲ. ಆಗ ಗೋಡೆ ನೋಡಿ: ಕರಾವಳಿಯಲ್ಲಿ ಮುರಕಲ್ಲು ಎಂಬ ಕೆಂಪು ಕಲ್ಲು, ಕಲಬುರಗಿ ಕಡೆ ಶಹಾಬಾದ್ ಕಲ್ಲು ಎಂಬ ಸುಣ್ಣದ ಕಲ್ಲು.

ಒಳಗೆ ಹೋಗಬೇಕೆನಿಸಿದರೆ ಜಗುಲಿಯ ಕೆಳಗೇ ಚಪ್ಪಲಿ ಬಿಟ್ಟು, "ಅಮ್ಮಾ, ಮನೆ ನೋಡಬಹುದಾ?" ಎಂದು ಕೇಳಿ. ಅಡಿಗೆಮನೆ, ದೇವರಕೋಣೆ ಕಡೆ ಅವರಾಗಿ ಕರೆಯದೆ ಕಾಲಿಡಬೇಡಿ. ಕೊಡಗಿನ ಐನ್‌ಮನೆ, ಅಂದರೆ ಕುಟುಂಬದ ಮೂಲಮನೆಯಾದರೆ ಇನ್ನೊಂದು ಎಚ್ಚರ: ಮುಂದಿನ ಜಗುಲಿಯ ಕಂಬಗಳ ನಡುವಿನ ಅಗಲ ಹಲಗೆ ಐಮರ, ಹಿರಿಯರು ಕೂರುವ ಜಾಗ. ಕೂರಿ ಎನ್ನುವ ತನಕ ನಿಂತೇ ಇರಿ.