ಚಳಿಗಾಲದಲ್ಲಿ ಗೊಣ್ಣೆಹುಳು ಎಲ್ಲಿಗೆ ಹೋಗುತ್ತದೆ? ಅಗೆದು ನೋಡಿದ ನನ್ನ ಅನುಭವ

ಕಲಘಟಗಿ ಕಡೆ ನಮ್ಮದೊಂದು ಸಣ್ಣ ಸಾಗುವಾನಿ ನರ್ಸರಿ ಇದೆ. ಹೋದ ವರ್ಷ ಆಗಸ್ಟ್‌ನಲ್ಲಿ ಮಡಿಯ ಸಸಿಗಳು ಒಂದೊಂದಾಗಿ ಬಾಡತೊಡಗಿದವು. ನೀರು ಕಮ್ಮಿ ಆಯ್ತೇನೋ ಅಂದುಕೊಂಡೆ. ಒಂದು ಸಸಿ ಹಿಡಿದು ಎಳೆದರೆ ಸುಮ್ನೆ ಕೈಗೆ ಬಂತು, ಕೆಳಗೆ ಬೇರೇ ಇಲ್ಲ. ಮಣ್ಣು ಕೆದರಿದಾಗ ದಪ್ಪನೆಯ ಬಿಳಿ ಗೊಣ್ಣೆಹುಳು ಮುದುಡಿಕೊಂಡು ಮಲಗಿತ್ತು.

"ಚಳಿ ಬೀಳ್ಲಿ ತಮ್ಮಾ, ಎಲ್ಲಾ ಸತ್ತು ಹೊಕ್ಕಾವ" ಅಂತ ಪಕ್ಕದ ಹೊಲದ ಕಾಕಾ ಸಮಾಧಾನ ಹೇಳಿದರು. ನವೆಂಬರ್ ಕೊನೆಗೆ ಮಡಿಯನ್ನು ಒಂದು ಗೇಣು ಅಗೆದು ನೋಡಿದೆ. ಒಂದೂ ಸಿಗಲಿಲ್ಲ. ಕಾಕಾನ ಮಾತೇ ಖರೆ ಅಂತ ನಂಬಿಬಿಟ್ಟೆ.

ಡಿಸೆಂಬರ್‌ನಲ್ಲಿ ಬೇಲಿ ಕಂಬಕ್ಕೆ ತೆಗ್ಗು ತೋಡುತ್ತಿದ್ದೆ. ಎರಡಡಿ ಕೆಳಗೆ ಮಣ್ಣಿನ ಹೆಂಟೆಯೊಂದು ಒಡೆಯಿತು. ಒಳಗೆ ಬೆರಳಿಂದ ಸವರಿದ ಹಾಗೆ ನುಣುಪಾದ ಪುಟ್ಟ ಗೂಡು, ಅದರಲ್ಲಿ ಒಂದು ಕಂದು ದುಂಬಿ. ಅಂಗೈ ಮೇಲೆ ಇಟ್ಟುಕೊಂಡೆ, ಅಲುಗಾಡಲಿಲ್ಲ. ಸ್ವಲ್ಪ ಬಿಸಿಲು ತಾಗಿದ ಮೇಲೆ ಮೆಲ್ಲಗೆ ಕಾಲು ಆಡಿಸಿತು. ಬೇರು ತಿಂದ ಹುಳು ಸತ್ತಿರಲಿಲ್ಲ. ಆಳಕ್ಕೆ ಇಳಿದು, ಕೋಶವಾಗಿ, ದುಂಬಿಯೂ ಆಗಿ, ಊಟ ನೀರು ಬಿಟ್ಟು ಮುಂದಿನ ಮಳೆಗೆ ಕಾಯುತ್ತಿತ್ತು!

ನಮ್ಮ ಚಳಿಗೆ ಅದು ಸಾಯುವುದೂ ಇಲ್ಲ. ಸಿರಸಿಯಲ್ಲಿ ಫಾರೆಸ್ಟ್ರಿ ಓದುವಾಗ ಕೆನಡಾದ ಪೈನ್ ಕಾಡು ಒಣಗಿಸುವ ದುಂಬಿಯ ಪಾಠ ಇತ್ತು. ಅಕ್ಕಿಕಾಳಿನಷ್ಟೇ ಗಾತ್ರ. ಅದರ ಮರಿಹುಳು ತೊಗಟೆಯ ಕೆಳಗೆ ಚಳಿಗಾಲ ಕಳೆಯುತ್ತದೆ. ಚಳಿ ಏರುತ್ತಾ ಹೋದಂತೆ ಮೈಯೊಳಗೆ ಗ್ಲಿಸರಾಲ್ ಎಂಬ ಮಂದ ದ್ರವ ಕೂಡಿಸಿಕೊಳ್ಳುತ್ತದೆ, ಹಾಗಾಗಿ ಮೈ ನೀರು ಹೆಪ್ಪುಗಟ್ಟುವುದಿಲ್ಲ. ನಡು ಚಳಿಗಾಲದಲ್ಲಿ ಅದನ್ನು ಕೊಲ್ಲಲು ಮೈನಸ್ 40 ಡಿಗ್ರಿಯ ಹತ್ತಿರದ ಚಳಿ ಬೇಕು. ಆದರೆ ಗ್ಲಿಸರಾಲ್ ಇನ್ನೂ ಕೂಡದ ಶರತ್ಕಾಲದಲ್ಲಿ ಅಥವಾ ಅದು ಕರಗಿದ ವಸಂತದಲ್ಲಿ ದಿಢೀರ್ ಚಳಿ ಬಿದ್ದರೆ ಅಷ್ಟು ತಣ್ಣಗಾಗದಿದ್ದರೂ ಸಾಯುತ್ತದೆ. ನನಗೆ ಉಪಯೋಗಕ್ಕೆ ಬಂದಿದ್ದು ಈ ಮಾತೇ. ಹುಳು ಭದ್ರವಾಗಿ ಕೂತಾಗ ಮುಟ್ಟಲಾಗುವುದಿಲ್ಲ, ಅದು ಹೊರಬರುವ ಹೊತ್ತು ಹಿಡಿಯಬೇಕು ಅಲ್ವಾ?

ಎರಡಡಿ ಆಳಕ್ಕೆ ರಂಟೆ ಮುಟ್ಟುವುದಿಲ್ಲ. ಆದರೂ ಮಳೆಗಾಲ ಮುಗಿದ ಕೂಡಲೇ, ಹುಳು ಇನ್ನೂ ಮೇಲಿರುವಾಗ ರಂಟೆ ಹೊಡೆಯುವುದು ಒಳ್ಳೆಯದು, ಬೆಳ್ಳಕ್ಕಿ ಕಾಗೆಗಳು ಹೆಕ್ಕಿ ತಿನ್ನುತ್ತವೆ. ನಾನು ತಡ ಮಾಡಿದ್ದೆ.

ಹಾಗಾಗಿ ಮಳೆಗೆ ಕಾದೆ. ಈ ವರ್ಷ ಮೊದಲ ದೊಡ್ಡ ಮಳೆ ಬಿದ್ದ ದಿನ ಕತ್ತಲಾಗುತ್ತಿದ್ದಂತೆ ದುಂಬಿಗಳು ನೆಲದಿಂದ ಎದ್ದು ಗುಂಯ್ ಅಂತ ಬೇವಿನ ಮರಕ್ಕೆ, ಬನ್ನಿ ಮರಕ್ಕೆ ಹಾರಿದವು. ಅಲ್ಲಿ ಎಲೆ ತಿಂದು, ಕೂಡಿ, ಮತ್ತೆ ಮಣ್ಣಿಗೆ ಇಳಿದು ಮೊಟ್ಟೆ ಇಡುತ್ತವೆ. ಮರದ ಕೆಳಗೆ ತಾಡಪತ್ರಿ ಹಾಸಿ, ಬಿದಿರು ಗಳದಿಂದ ಟೊಂಗೆ ಅಲ್ಲಾಡಿಸಿದೆವು. ಉದುರಿದ್ದನ್ನೆಲ್ಲ ಸೀಮೆಎಣ್ಣೆ ಬೆರೆಸಿದ ನೀರಿನ ಬಕೆಟ್ಟಿಗೆ ಹಾಕಿದೆವು. ಮೊದಲ ಸಂಜೆಗೇ ಅರ್ಧ ಬಕೆಟ್. ಎರಡನೇ ಸಂಜೆ ಕಾಕಾ ತಮ್ಮ ಮೊಮ್ಮಕ್ಕಳನ್ನೂ ಕರಕೊಂಡು ಬಂದರು. ಅದು ದೊಡ್ಡ ಉಪಕಾರ, ಯಾಕಂದ್ರೆ ನಮ್ಮೊಂದೇ ಹೊಲದಲ್ಲಿ ಹಿಡಿದರೆ ಪಕ್ಕದಿಂದ ಹಾರಿ ಬರುತ್ತವೆ. ಐದು ಸಂಜೆ ಹೀಗೇ ಮಾಡಿದೆವು. ಮಡಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರದಲ್ಲಿ ಹುಳುವಿಗೆ ರೋಗ ತಂದು ಕೊಲ್ಲುವ ಮೆಟಾರೈಜಿಯಂ ಶಿಲೀಂಧ್ರದ ಪುಡಿ ಕಲಸಿ ಹಾಕಿದ್ದೆ. ಯಾವುದರಿಂದ ಎಷ್ಟು ಫಾಯದೆ ಆಯಿತು ಅಂತ ಬೇರೆ ಮಾಡಿ ಹೇಳಲಾರೆ.

ಈ ಆಗಸ್ಟ್‌ನಲ್ಲಿ ಬಾಡಿದ್ದು 17 ಸಸಿ. ಹೋದ ವರ್ಷ ಎರಡು ಮಡಿ ಪೂರ್ತಿ ಹೋಗಿದ್ದವು. ಬನ್ನಿ ಮರದ ತುದಿಗೆ ನಮ್ಮ ಗಳ ಎಟುಕಿರಲಿಲ್ಲ. ಮುಂದಿನ ಮಳೆಗೆ ಎರಡು ಗಳ ಜೋಡಿಸಿ ಕಟ್ಟಿ ಇಟ್ಟಿದ್ದೇನೆ.