ಸಾಯ್ಲಾಕತ್ತಿದ್ದ ಹಾರ್ಡ್ ಡಿಸ್ಕ್ ತೆಗ್ದು ಸಿಎಫ್ ಕಾರ್ಡ್ ಹಾಕಿದ್ದು – ನನ್ನ ಅನುಭವ

ಸೂಪರ್ ಮಾರ್ಕೆಟ್ ಕಡಿ ನಮ್ಮ ಡಿಟಿಪಿ ಅಂಗಡ್ಯಾಗ ಒಂದು ಪೆಂಟಿಯಮ್ 2 ಮಷೀನ್ ಅದ, ವಿಂಡೋಸ್ 98 ಸೆಕೆಂಡ್ ಎಡಿಷನ್, 4.3 ಜಿಬಿ ಐಡಿಇ (ಅಗಲ ಪಟ್ಟಿ ಕೇಬಲ್‌ದಾಗ ಜೋಡ್ಸೋ ಹಳೇ ತರದ) ಹಾರ್ಡ್ ಡಿಸ್ಕ್. ಆ ಡಿಸ್ಕ್ ಸಾಯ್ಲಾಕತ್ತಿತ್ತು. ಅದನ್ನ ತೆಗ್ದು ಸಿಎಫ್ ಕಾರ್ಡ್, ಅಂದ್ರ ಕ್ಯಾಮೆರಾದಾಗ ಹಾಕೋ ಕಾಂಪ್ಯಾಕ್ಟ್ ಫ್ಲಾಶ್ ಮೆಮೊರಿ ಕಾರ್ಡ್ ಹಾಕಿ ಅದೇ ವಿಂಡೋಸ್, ಅದೇ ಫಾಂಟ್, ಅದೇ ಫೈಲ್ ಸಮೇತ ಮತ್ತ ಎಬ್ಬಿಸೀನಿ. ಕಲಬುರಗಿ, ಬೀದರ, ಯಾದಗಿರಿ ಕಡಿ ಹಳೇ ಪ್ರೆಸ್‌ಗಳಾಗ ಇಂಥ ಮಷೀನ್ ಮೂಲ್ಯಾಗ ಇಟ್ಕೊಂಡು ಕುಂತೋರಿಗೆ ಉಪಯೋಗ ಆಗ್ಲಿ ಅಂತ ಹೆಂಗ್ ಮಾಡ್ದೆ ಅನ್ನೋದು ಬರೀಲಾಕತ್ತೀನಿ.

"ಹೊಸಾದು ತಗೋರಿ, ಇದನ್ನ ಗುಜರಿಗೆ ಹಾಕ್ರಿ" ಅಂತ ಕಂಡ್ ಕಂಡೋರೆಲ್ಲ ಅಂದ್ರು. ಹಾಕ್ಲಿಕ್ಕ ಬರಂಗಿಲ್ರಿ. ಅದರಾಗಿನ ಕನ್ನಡ ಸಾಫ್ಟ್‌ವೇರ್ ಪ್ಯಾರಲಲ್ ಪೋರ್ಟಿಗೆ (ಹಳೇ ಪ್ರಿಂಟರ್ ಜೋಡ್ಸೋ ಜಾಗ) ಚುಚ್ಚೋ ಡಾಂಗಲ್ ಅನ್ನೋ ಕೀಲಿ ಇದ್ರೇನೇ ಏಳ್ತದ, ಈಗಿನ ಪಿಸಿಗೆ ಆ ಪೋರ್ಟೇ ಬರಲ್ಲ. ಎರಡ್ನೇದು ಫಾಂಟ್. ಆಗ ಎಲ್ಲಾ ಕಡಿ ಒಂದೇ ಲೆಕ್ಕದಾಗ ಅಕ್ಷರ ಇಡೋ ಯುನಿಕೋಡ್ ನಮ್ಮ ಕೈಗೆ ಬಂದಿದ್ದಿಲ್ಲ, ಪ್ರತಿ ಕಂಪನಿದು ಒಂದೊಂದು ಲೆಕ್ಕ, ಆ ಫಾಂಟ್ ಇಲ್ಲದ ಕಡಿ ಫೈಲ್ ತೆರದ್ರ ಬರೇ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ ಎಲ್ಲ ಕಲಸಿ ಬರ್ತದ. ಮದುವಿ ಕಾರ್ಡ್, ಜಾತ್ರಿ ಪಾಂಪ್ಲೆಟ್ ಹೋದ್ರ ಹೋಗ್ಲಿ ಬಿಡ್ರಿ, ಆದ್ರ ನಮ್ಮ ಭಾಗದ ಭಜನಾ ಮಂಡಳಿಯೋರು ಹಾಡಿ ಹಾಡಿ ಬರೆಸಿದ ತತ್ವಪದಗಳು ಅದರಾಗ ಅವ, ನಮ್ಮ ಕಾಕಾ ಸಂಜಿಮುಂದ ಕುಂತು ಒಂದೊಂದೇ ಟೈಪ್ ಮಾಡಿದ್ರು. ಹಾಡಿದೋರ ಪೈಕಿ ಈಗ ಭಾಳ ಮಂದಿ ಇಲ್ಲ. ಅದಕ್ಕ ಆ ಡಿಸ್ಕ್ ನನಗ ಡಿಸ್ಕ್ ಆಗಿದ್ದಿಲ್ಲ, ಕಾಕಾರ ಕೈಬರಹನೇ ಆಗಿತ್ತು.

ಡಿಸ್ಕ್ ಕೆಟ್ಟದ ಅಂತ ತೀರ್ಮಾನ ಮಾಡೋಕಿಂತ ಮೊದ್ಲು ಬ್ಯಾರೆ ಕಾರಣ ಏನರ ಅದ ಏನು ಅಂತ ನೋಡ್ಬೇಕು. ಸಿಮೋಸ್ ಬ್ಯಾಟರಿ, ಅದೇ ಸಿಆರ್ 2032 ಸೆಲ್, ಸತ್ತಿದ್ರ ಬಯಾಸ್ (ಮಷೀನ್ ಚಾಲೂ ಆದ ಕೂಡ್ಲೇ ಮೊದ್ಲು ಓಡೋ ಪ್ರೋಗ್ರಾಮ್) ಸೆಟ್ಟಿಂಗ್ ಮರೀತದ, ಡಿಸ್ಕ್ ಛಲೋ ಇದ್ರೂ ಕಾಣಂಗಿಲ್ಲ. ಎಸ್‌ಎಂಪಿಎಸ್‌ದು (ಮಷೀನಿಗೆ ಕರೆಂಟ್ ಕೊಡೋ ಡಬ್ಬಿ) 5 ವೋಲ್ಟ್, 12 ವೋಲ್ಟ್ ಎರಡೂ ಮಲ್ಟಿಮೀಟರ್ ಹಚ್ಚಿ ನೋಡ್ದೆ, 5 ಪರ್ಸೆಂಟ್ ಆಚೀಚಿ ನಡೀತದ, ನಂದು ಬರೋಬ್ಬರಿ ಇತ್ತು. ಕೇಬಲ್ ಬದಲಿ ಮಾಡ್ದೆ. ಆದ್ರೂ ಟಿಕ್ ಅಂತದ, ಒಂದು ಗಳಿಗಿ ಸುಮ್ಮನಾಗ್ತದ, ಮತ್ತ ಟಿಕ್. ಒಳಗಿನ ಓದೋ ಹೆಡ್, ತಿರಗೋ ತಟ್ಟಿ (ಪ್ಲಾಟರ್) ಮ್ಯಾಲಿನ ಗುರುತು ಓದಲಾರದೆ ವಾಪಸ್ ಹೋಗಿ ಮತ್ತ ಬರೋ ಸಪ್ಪಳ ಅದು. ಈ ಸಪ್ಪಳ ಕೇಳ್ದ್ ಕೂಡ್ಲೇ ಪವರ್ ಬಂದ್ ಮಾಡ್ರಿ, ಇಷ್ಟೇ ನಾ ಕೈಮುಗ್ದು ಹೇಳೋದು. ಸ್ಕ್ಯಾನ್‌ಡಿಸ್ಕ್ ಓಡಿಸ್ಬ್ಯಾಡ್ರಿ, ಡಿಫ್ರಾಗ್ ಮುಟ್ಟೇಬ್ಯಾಡ್ರಿ. ಸ್ಕ್ಯಾನ್‌ಡಿಸ್ಕ್ ಅನ್ನೋದು ಫೈಲ್ ಸಿಸ್ಟಮ್ ಸರಿ ಮಾಡ್ತದ, ಸಾಯೋ ಡಿಸ್ಕ್ ಮ್ಯಾಲ ಬರೀತದ, ಬರೀಲಾಕ ಹೋಗಿ ಇದ್ದದ್ದೂ ಕೆಡಸ್ತದ. ಫ್ರಿಡ್ಜ್‌ನ್ಯಾಗ ಇಟ್ಟು ತೆಗೀರಿ ಅಂತ ಒಬ್ರು ಹೇಳಿದ್ರು, ಅದೂ ಬ್ಯಾಡ, ನಮ್ಮ ಬ್ಯಾಸಗಿ 42-43 ಡಿಗ್ರಿ ಇರ್ತದ, ತಣ್ಣಗಿನ ಡಿಸ್ಕ್ ಹೊರಗ ತಂದ್ರ ನೀರು ಹನಿಗಟ್ಟದೆ ಬಿಡ್ತದೇನು.

ಮೊದ್ಲು ಒಳಗಿನದೆಲ್ಲ ಹೊರಗ ತರಬೇಕು, ಆಮ್ಯಾಲ ಡಿಸ್ಕ್ ಬದಲಿ ವಿಚಾರ. ಹೊಸ ಪಿಸಿ ಒಂದನ್ನ ಪೆನ್‌ಡ್ರೈವ್‌ದಿಂದ ಲಿನಕ್ಸ್‌ನ್ಯಾಗ ಬೂಟ್ ಮಾಡಿ, ಹಳೇ ಡಿಸ್ಕ್‌ಗೆ ಐಡಿಇ-ಯುಎಸ್‌ಬಿ ಕನ್ವರ್ಟರ್ ಹಚ್ಚಿದೆ, ಡಿಸ್ಕ್ ಹಿಂದಿನ ಜಂಪರ್ (ಪಿನ್ ಮ್ಯಾಲಿನ ಸಣ್ಣ ಟೊಪಗಿ) ಮಾಸ್ಟರ್ ಮ್ಯಾಲೇ ಇರಬೇಕು, ಸ್ಲೇವ್ ಇದ್ರ ಈ ಕನ್ವರ್ಟರ್‌ಗಳಾಗ ಭಾಳ ಸಲ ಡಿಸ್ಕ್ ಕಾಣಂಗಿಲ್ಲ. ವಿಂಡೋಸ್ ಯಾಕ ಬ್ಯಾಡ ಅಂದ್ರ ಡಿಸ್ಕ್ ಹಚ್ಚಿದ್ ಕೂಡ್ಲೇ ತಾನೇ ಮೌಂಟ್ ಮಾಡಿ, ಅಂದ್ರ ತೆರದು, ಕೆದರ್ಲಾಕ ಶುರು ಮಾಡ್ತದ. ಲಿನಕ್ಸ್‌ನ್ಯಾಗ ಆಟೋ ಮೌಂಟ್ ಬಂದ್ ಮಾಡಿ ಡಿಡಿರೆಸ್ಕ್ಯೂ ಓಡಿಸ್ದೆ, ಕೆಟ್ಟ ಡಿಸ್ಕ್‌ದಾಗಿನದೆಲ್ಲ ಒಂದೇ ಫೈಲ್‌ಗೆ, ಅಂದ್ರ ಇಮೇಜ್‌ಗೆ, ನಕಲು ಮಾಡೋ ಪ್ರೋಗ್ರಾಮ್ ಅದು. ಇದರ ಗುಣ ಏನಂದ್ರ, ಕಮಾಂಡಿಗೆ ಮೈನಸ್ ಎನ್ (-n) ಹಾಕಿ ಮೊದಲ್ನೇ ಸುತ್ತು ಬಿಟ್ರ ಸಲೀಸಾಗಿ ಬರೋದೆಲ್ಲ ಮೊದ್ಲು ಎತ್ಕೋತದ, ತಕರಾರು ಮಾಡೋ ಜಾಗ ಕೆದರದೆ ದಾಟಿ ಮುಂದ ಹೋಗ್ತದ, ಎಲ್ಲಿ ದಾಟ್ತು ಅನ್ನೋದು ಮ್ಯಾಪ್ ಫೈಲ್‌ನ್ಯಾಗ ಬರ್ದಿಡ್ತದ. ಕರೆಂಟ್ ಹೋತಂದ್ರ ಆ ಮ್ಯಾಪ್ ಫೈಲ್‌ದಿಂದ ನಿಂತಲ್ಲಿಂದಾನೇ ಮತ್ತ ಶುರು, ನಮ್ಮ ಊರಾಗ ಇದು ಸಣ್ಣ ಮಾತಲ್ಲ. ಆಮ್ಯಾಲ ಮೈನಸ್ ಡಿ, ಮೈನಸ್ ಆರ್ 3 (-d -r3) ಹಾಕಿ ಎರಡ್ನೇ ಸುತ್ತು, ಬಿಟ್ಟ ಜಾಗಕ್ಕ ಅಷ್ಟೇ ಹೋಗಿ ಮತ್ತ ಮತ್ತ ಕೇಳ್ತದ. ಬಿಸಿಲೇರೋಕಿಂತ ಮೊದ್ಲು ನಸುಕಿನಾಗ ಕುಂತು, ಟೇಬಲ್ ಫ್ಯಾನ್ ಡಿಸ್ಕ್ ಮ್ಯಾಲ ತಿರುಗ್ಸಿ ಇಟ್ಟು ಮಾಡ್ದೆ.

ಕೆಲವು ಸೆಕ್ಟರ್, ಅಂದ್ರ ಡಿಸ್ಕ್ ಮ್ಯಾಲಿನ ಸಣ್ಣ ತುಂಡುಗಳು, ಏನ್ ಮಾಡಿದ್ರೂ ಬರ್ಲಿಲ್ಲ. ಯಾವ ಫೈಲ್‌ಗೆ ಪೆಟ್ಟು ಬಿದ್ದದ ಅಂತ ತಿಳ್ಕೊಳ್ಳಾಕ ಒಂದು ಛಲೋ ದಾರಿ ಅದ. ಇಮೇಜ್‌ದು ಇನ್ನೊಂದು ಕಾಪಿ ಮಾಡಿ, ಆ ಕಾಪಿ ಮ್ಯಾಲ ಡಿಡಿರೆಸ್ಕ್ಯೂದ ಫಿಲ್ ಮೋಡ್ ಓಡಿಸ್ದೆ, ಓದ್ಲಿಕ್ಕ ಆಗದ ಜಾಗದಾಗೆಲ್ಲ ನಾ ಕೊಟ್ಟ ಒಂದು ಪದ ತುಂಬತದ, ಆಮ್ಯಾಲ ಕಾಪಿ ಮೌಂಟ್ ಮಾಡಿ ಗ್ರೆಪ್ ಅನ್ನೋ ಹುಡುಕೋ ಕಮಾಂಡ್ ಹಚ್ಚಿ ಆ ಪದ ಹುಡುಕಿದ್ರ ಪೆಟ್ಟು ಬಿದ್ದ ಫೈಲ್ ಹೆಸರು ಒಂದೊಂದಾಗಿ ಬರ್ತಾವ. ಹೆಚ್ಚಿನವು ವಿಂಡೋಸ್‌ನ ಹೆಲ್ಪ್ ಫೈಲ್, ಒಂದೆರಡು ಮದುವಿ ಕಾರ್ಡ್. ತತ್ವಪದದ ಫೋಲ್ಡರ್‌ನ್ಯಾಗ ಒಂದೇ ಒಂದು ಫೈಲ್ ಬಂತು. ತೆರದು ನೋಡಿದ್ರ ಪಲ್ಲವಿ ಅದ, ಮೊದಲ್ನೇ ನುಡಿ ಅದ, ನಡುವ ನಾ ತುಂಬಿದ ಪದನೇ ಸಾಲುಸಾಲಾಗಿ, ಕಡೀ ನುಡಿ ಮತ್ತ ಸರಿ ಅದ. ಒಂದು ಸೆಕ್ಟರ್ ಅಂದ್ರ 512 ಬೈಟ್, ಆ ಹಳೇ ಫಾಂಟ್‌ನ್ಯಾಗ ಒತ್ತಕ್ಷರ ಇದ್ರ ಒಂದಕ್ಷರಕ್ಕ ಎರಡು ಮೂರು ಬೈಟ್ ಹೋಗ್ತಾವ, ಅಂದ್ರ ಒಂದು ಸೆಕ್ಟರ್ ಹೋದ್ರ ತತ್ವಪದದ ನಡುವಿನ ನುಡಿಗಳೇ ಹೋದಂಗ. ಕಾಕಾ ಮಂಡಳಿಯೋರಿಗೆ ಕೊಟ್ಟಿದ್ದ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟ್ ಒಬ್ಬರ ಮನಿಯಾಗ ಸಿಕ್ತು, ಆ ನುಡಿಗಳನ್ನ ನಾನೇ ಅದರಾಗ ನೋಡಿ ಟೈಪ್ ಮಾಡ್ದೆ.

ಇನ್ನ ಡಿಸ್ಕ್ ಬದಲಿಗೆ ಏನ್ ಹಾಕ್ಬೇಕು. ಹಳೇ ಐಡಿಇ ಡಿಸ್ಕ್ ಹುಡುಕ್ಬಹುದು, ಆದ್ರ ಅದರ ವಯಸ್ಸೂ ಇದರಷ್ಟೇ. ನಾ ಕಾಂಪ್ಯಾಕ್ಟ್ ಫ್ಲಾಶ್ ಕಾರ್ಡ್ ಹಾಕೀನಿ. ಇದು ಹುಟ್ಟಿನಿಂದಾನೇ ಐಡಿಇ ಭಾಷಾ ಮಾತಾಡ್ತದ, ಟ್ರೂ ಐಡಿಇ ಮೋಡ್ ಅಂತಾರ, ನಡುವ ಬೇಕಾಗೋದು ಪಿನ್ ಜೋಡ್ಸೋ ಒಂದು ಸಣ್ಣ ಅಡಾಪ್ಟರ್ ಬೋರ್ಡ್ ಅಷ್ಟೇ. ಕಾರ್ಡಿಗೆ ನಾ ಹೈದರಾಬಾದ್, ಸಿಕಂದರಾಬಾದ್ ತನಕ ಹೋಗ್ಲಿಲ್ಲ, ಮದುವಿ ಫೋಟೋ ಹೊಡ್ಯೋರ ಕಡಿ ಕೇಳ್ದೆ, ಹಳೇ ಡಿಎಸ್‌ಎಲ್‌ಆರ್‌ದವು ಅವರ ಬ್ಯಾಗಿನಾಗ ಬಿದ್ದಿರ್ತಾವ, 16 ಜಿಬಿದು ಸಿಕ್ತು. ಸೈಜ್ ವಿಷಯದಾಗ ಹುಷಾರ್ ಇರಬೇಕು. ಹಳೇ 486 (ಪೆಂಟಿಯಮ್‌ಕಿಂತ ಹಿಂದಿನ ಮಷೀನ್) ಇದ್ರ ಬಯಾಸ್ 528 ಎಂಬಿ ದಾಟಿ ನೋಡದೇ ಇರಬಹುದು, ಅದರ ಮುಂದಿನವಕ್ಕ 8.4 ಜಿಬಿ ಗಡಿ, ನನ್ನಂಥ ಅವಾರ್ಡ್ ಬಯಾಸ್ ಕೆಲವು 33.8 ಜಿಬಿಕಿಂತ ದೊಡ್ಡದು ಹಾಕಿದ್ರ ಡಿಟೆಕ್ಟ್ ಮಾಡೋವಾಗ್ಲೇ ನಿಂತುಬಿಡ್ತಾವ. ನನ್ನ 440ಬಿಎಕ್ಸ್ ಮದರ್ ಬೋರ್ಡಿಗೆ 16 ಜಿಬಿ ಆರಾಮ್ ಹಿಡಿತು.

ಇಮೇಜ್‌ನ ಕಾರ್ಡ್ ರೀಡರ್ ಹಚ್ಚಿ ಸಿಎಫ್ ಮ್ಯಾಲ ಪೂರ್ತಿ ಬರದೆ, ಅಡಾಪ್ಟರ್‌ದು ಜಂಪರ್ ಮಾಸ್ಟರ್, ಕೇಬಲ್‌ನ ಕೆಂಪು ಗೆರಿ 1ನೇ ಪಿನ್ ಕಡಿ, ಪವರ್ ಕನೆಕ್ಟರ್ ಗಟ್ಟಿಯಾಗಿ ಕುಂತದ ಅಂತ ನೋಡಿ ಚಾಲೂ ಮಾಡ್ದೆ. ಬಯಾಸ್‌ನ್ಯಾಗ ಹಾರ್ಡ್ ಡಿಸ್ಕ್ ಆಟೋ ಡಿಟೆಕ್ಟ್‌ಗೆ ಹೋದ್ರ ನಾರ್ಮಲ್, ಎಲ್‌ಬಿಎ, ಲಾರ್ಜ್ (ಡಿಸ್ಕ್ ಮ್ಯಾಲಿನ ಜಾಗ ಎಣಿಸೋ ಮೂರು ಲೆಕ್ಕ) ಅಂತ ಕೇಳ್ತದ, ಹಳೇ ಡಿಸ್ಕ್ ಯಾವುದರ ಮ್ಯಾಲ ಇತ್ತೋ ಅದನ್ನೇ ಆರಿಸ್ಬೇಕು, ನಂದು ಎಲ್‌ಬಿಎ. ಅದು ತಪ್ಪಿದ್ರ ಪಾರ್ಟಿಷನ್ ಲೆಕ್ಕ ಕೂಡಂಗಿಲ್ಲ, ಬೂಟ್ ಆಗಂಗಿಲ್ಲ. ವಿಂಡೋಸ್ 98 ಬೂಟ್ ಫ್ಲಾಪಿ ಒಂದು ಪಕ್ಕಕ್ಕ ಇಟ್ಕೋರಿ, ಬೂಟ್ ಸೆಕ್ಟರ್‌ಗೆ ಪೆಟ್ಟು ಬಿದ್ದಿದ್ರ ಅದರಾಗಿಂದ ಸಿಸ್ ಸಿ (SYS C:) ಅನ್ನೋ ಕಮಾಂಡ್ ಕೊಟ್ರ ಸರಿ ಹೋಗ್ತದ. ನನಗ ಬೇಕಾಗ್ಲಿಲ್ಲ, ಮೋಡದ ಚಿತ್ರ ಬಂತು, ಡೆಸ್ಕ್‌ಟಾಪ್ ಬಂತು, ಡಾಂಗಲ್ ಹಿಡಿತು, ಕನ್ನಡ ಅಕ್ಷರ ಸ್ಕ್ರೀನ್ ಮ್ಯಾಲ ಕಂಡಾಗ ಕಾಕಾರಿಗೆ ಫೋನ್ ಹಚ್ಚಿ ಹೇಳ್ದೆ.

ಬೂಟ್ ಆದ್ಮ್ಯಾಲ ಒಂದೆರಡು ಕೆಲ್ಸ ಅವ. ಅಗ್ಗದ ಅಡಾಪ್ಟರ್ ಕೆಲವುಗಳಾಗ ಡಿಎಂಎ (ಪ್ರೊಸೆಸರ್ ನಡುವ ಬರದೆ ಡಿಸ್ಕ್, ಮೆಮೊರಿ ನೇರ ಮಾತಾಡೋ ರೀತಿ) ತಂತಿ ಜೋಡ್ಸಿರಂಗಿಲ್ಲ, ಡಿವೈಸ್ ಮ್ಯಾನೇಜರ್‌ನ್ಯಾಗ ಡಿಎಂಎ ಟಿಕ್ ಹಾಕಿದ್ರ ಮಷೀನ್ ಹ್ಯಾಂಗ್ ಆಗ್ತದ, ಅದನ್ನ ಮುಟ್ಟದೆ ಬಿಟ್ಟೀನಿ, ಪ್ರೊಸೆಸರ್ ಮೂಲಕ ಹೋಗೋ ನಿಧಾನದ ಪಿಐಒ ಮ್ಯಾಲ ನಡೀಲಿ. ಫ್ಲಾಶ್ ಮ್ಯಾಲ ಸುಮ್ನ ಬರಕೊಂಡು ಕೂಡೋದು ತಪ್ಪಿಸ್ಲಾಕ ರ‍್ಯಾಮ್ 256 ಎಂಬಿ ಮಾಡ್ದೆ, ಸಿಸ್ಟಮ್ ಡಾಟ್ ಐಎನ್ಐ ಫೈಲ್‌ನ 386 ಎನ್ಹ್ ಭಾಗದಾಗ ಕನ್ಸರ್ವೇಟಿವ್ ಸ್ವಾಪ್‌ಫೈಲ್ ಯೂಸೇಜ್ 1 ಅಂತ ಸಾಲು ಹಾಕ್ದೆ, ರ‍್ಯಾಮ್ ತುಂಬೋ ತನಕ ಸ್ವಾಪ್ (ಮೆಮೊರಿ ಸಾಲದಾಗ ಡಿಸ್ಕ್ ಮ್ಯಾಲ ಬರ್ಕೊಳ್ಳೋ ಫೈಲ್) ಮುಟ್ಟಂಗಿಲ್ಲ. ಉಳಿದ ಜಾಗ ಎಫ್‌ಡಿಸ್ಕ್‌ನಿಂದ ಡಿ ಡ್ರೈವ್ ಮಾಡೀನಿ. ಕಾರ್ಡ್ ಮಾತ್ರ ಮಷೀನ್ ಚಾಲೂ ಇದ್ದಾಗ ಎಂದೂ ಕೀಳಬಾರ್ದು, ಐಡಿಇ ಮೋಡ್‌ನ್ಯಾಗ ಅದಕ್ಕ ಆ ಅನುಕೂಲ ಇಲ್ಲ.

ಈಗ ಅಂಗಡಿ ಮುಚ್ಚೋ ಹೊತ್ತಿಗೆ ಮಷೀನ್ ಬಂದ್ ಮಾಡಿ, ಕಾರ್ಡ್ ತೆಗ್ದು, ಹೊಸ ಪಿಸಿ ರೀಡರ್‌ನ್ಯಾಗ ಹಾಕಿ ಪೂರ್ತಿ ಇಮೇಜ್ ಇನ್ನೊಂದು ಕಡಿ ಇಟ್ಕೋತೀನಿ. ತತ್ವಪದಗಳನ್ನ ಫಾಂಟ್ ಕನ್ವರ್ಟರ್ ಸಾಫ್ಟ್‌ವೇರ್ ಹಚ್ಚಿ ಯುನಿಕೋಡ್‌ಗೂ ತರ್ಲಾಕತ್ತೀನಿ, ಅರ್ಕಾವತ್ತು, ಒತ್ತಕ್ಷರ ಬಂದಲ್ಲಿ ಕನ್ವರ್ಟರ್ ಎಡವ್ತದ, ಅದಕ್ಕ ಹಳೇ ಮಷೀನ್ ಸ್ಕ್ರೀನ್ ಬಾಜೂಕ ಇಟ್ಕೊಂಡು ಸಾಲು ಸಾಲು ತಾಳೆ ನೋಡ್ಬೇಕಾಗ್ತದ.